ನೆಲಕ್ಕೆ ಕರೆಂಟ್ ಹೊಡೆಯುವುದಿಲ್ಲ

…ಅಥವಾ ಆ ಸಾಲು ಬರೆದವನು ನಾನಲ್ಲದೆಯೂ ಇರಬಹುದು. ಅಕ್ಷರ ನನ್ನದೇ ಎಂದು ನೆನಪು ಹೇಳುತ್ತದೆ. ಆದರೆ ಆ ಹಾಳೆ ಈಗ ಎಲ್ಲಿಯೂ ಇಲ್ಲ. ಇಲ್ಲದ ಹಾಳೆಯ ಮೇಲೆ ಯಾರ ಅಕ್ಷರವನ್ನಾದರೂ ಮೂಡಿಸಿ ತೋರಿಸುವುದು ನನ್ನ ನೆನಪಿಗೆ ಕಷ್ಟದ ಕೆಲಸವಲ್ಲ. ಒಂದು ದಿನ ಅದು ನೀಲಿ ಶಾಯಿ ಎನ್ನುತ್ತದೆ, ಇನ್ನೊಂದು ದಿನ ಪೆನ್ಸಿಲ್. ಒಂದು ದಿನ ನನ್ನ ದೋಸ್ತ ಮಾನಪ್ಪ ಪಕ್ಕದಲ್ಲಿ ಕೂತು ಹೂಂ ಎಂದಿದ್ದಾನೆ, ಇನ್ನೊಂದು ದಿನ ತಕರಾರು ಮಾಡಿದ್ದಾನೆ. ಸಾಲು ಮಾತ್ರ ಬದಲಾಗುವುದಿಲ್ಲ: ನೆಲಕ್ಕೆ ಕರೆಂಟ್ ಹೊಡೆಯುವುದಿಲ್ಲ.

ಮುಚ್ಚಿಟ್ಟಿದ್ದ ಇದನ್ನು ಕೆದಕಿದವಳು ನನ್ನ ತಂಗಿಯ ಮಗಳು. ಯಾದಗಿರಿಯ ನಮ್ಮ ಮನೆಗೆ ರಜೆಗೆ ಬಂದವಳು, ಒಂದು ಮಧ್ಯಾಹ್ನ ಮಂಚದ ಮೇಲೆ ಬೋರಲು ಬಿದ್ದು ಮೊಬೈಲ್ ಒತ್ತುತ್ತ ಆಟವಾಡುತ್ತಿದ್ದಳು. ನಾನು ಪೇಪರ್ ಓದುತ್ತಿದ್ದೆ.

"ಮಾಮಾ, ಇದು ಯಾಕ ಸಾಯವಲ್ದು? ಕರೆಂಟ್ ಬಿಟ್ಟೀನಿ, ಒಂದೀಟೂ ಏನೂ ಆಗವಲ್ದು."

ನಾನು ತಲೆ ಎತ್ತಲಿಲ್ಲ. "ಅದು ನೆಲದ ಜಾತಿದು. ನೆಲಕ್ಕ ಕರೆಂಟ್ ಹೊಡಿಯಂಗಿಲ್ಲ. ನೀರಿಂದ ತಗೀ" ಎಂದೆ. ನಾನು ಎಂದೆ ಅನ್ನುವುದಕ್ಕಿಂತ ಬಾಯಿ ತಾನಾಗಿ ಅಂದಿತು ಎನ್ನಬೇಕು. ಹುಡುಗಿ ನೀರಿನ ಪ್ರಾಣಿಯನ್ನು ತಂದಳು, ಒಂದೇ ಏಟಿಗೆ ಎದುರಿನದು ಮಲಗಿತು. "ಮಾಮಾ, ನೀ ಭಾಳ ಶಾಣ್ಯಾ ಇದ್ದೀ" ಎಂದಳು. ಆಮೇಲೆ ನಾನು ಪೇಪರಿನ ಒಂದೇ ಸಾಲನ್ನು ಹತ್ತಾರು ಸಲ ಓದಿದೆ. ಸ್ವಲ್ಪ ಹೊತ್ತಿನ ನಂತರ, "ಅದು ಆಟದಾಗ ಅಷ್ಟ ನೋಡವ್ವ. ಮನ್ಯಾಗ ಹೀಟರ್ ಬಟನ್ ಮುಟ್ಟೂಮುಂದ ಚಪ್ಪಲಿ ಹಾಕ್ಕೋಬೇಕು" ಎಂದು ಸೇರಿಸಿದೆ. "ಆಟ ಬ್ಯಾರೆ, ಮನಿ ಬ್ಯಾರೆ ಅಂತ ನನಗ ಗೊತ್ತಿಲ್ಲೇನು?" ಎಂದು ಅವಳು ಮಗ್ಗುಲು ಬದಲಿಸಿದಳು.

ನಿಮಗೆ ಈ ಆಟ ಗೊತ್ತಿಲ್ಲದಿದ್ದರೆ ಎರಡು ಮಾತು ಹೇಳಬೇಕು. ವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕಿ, ಇನ್ನೊಬ್ಬರು ಸಾಕಿದ ಪ್ರಾಣಿಗಳ ಮೇಲೆ ಕಾದಾಟಕ್ಕೆ ಬಿಡುವುದು. ನಮ್ಮ ಕಡೆ ಟಗರಿನ ಕಾಳಗ ಇದ್ದಂತೆ, ರಕ್ತ ಮಾತ್ರ ಇಲ್ಲ. ಪ್ರತಿ ಪ್ರಾಣಿಗೂ ಹುಟ್ಟಿನಿಂದ ಒಂದು ಗುಣ ಇರುತ್ತದೆ: ಬೆಂಕಿ, ನೀರು, ಹುಲ್ಲು, ಕಲ್ಲು, ವಿಷ, ಹಕ್ಕಿ, ಹುಳ, ಕರೆಂಟ್, ನೆಲ, ಹೀಗೆ. ಬೆಂಕಿ ಹುಲ್ಲನ್ನು ಹೊಡೆದರೆ ಏಟು ದುಪ್ಪಟ್ಟು ಬೀಳುತ್ತದೆ. ಹುಲ್ಲು ತಿರುಗಿ ಬೆಂಕಿಯನ್ನು ಹೊಡೆದರೆ ಅರ್ಧ. ಕೆಲವು ಕಡೆ ಸೊನ್ನೆ, ಎಷ್ಟು ಹೊಡೆದರೂ ಏನೂ ಆಗುವುದಿಲ್ಲ. ಎರಡು ಗುಣ ಕೂಡಿದ ಪ್ರಾಣಿಗೆ ದುಪ್ಪಟ್ಟಿನ ಮೇಲೆ ದುಪ್ಪಟ್ಟು ಬೀಳುವುದೂ ಉಂಟು. ಹೀಗಾಗಿ ದೊಡ್ಡ ಪ್ರಾಣಿ ಗೆಲ್ಲುತ್ತದೆಂಬ ಭರವಸೆ ಇಲ್ಲ. ಯಾರ ಎದುರಿಗೆ ಯಾರನ್ನು ನಿಲ್ಲಿಸಿದಿರಿ ಎಂಬುದೇ ಕಾದಾಟ. ಈ ಗುಣವನ್ನು ನಾವು ಜಾತಿ ಎನ್ನುತ್ತಿದ್ದೆವು. ಕುರಿಗೆ, ಜೋಳಕ್ಕೆ ಅನ್ನುವಂತೆ. ಹೆಚ್ಚು ಯೋಚಿಸಿ ಇಟ್ಟ ಹೆಸರಲ್ಲ. ಹುಟ್ಟಿನಿಂದಲೇ ಬಂದದ್ದು, ಬದಲಿಸಲು ಬರುವುದಿಲ್ಲ, ಯಾರಿಂದ ಏಟು ತಿನ್ನಬೇಕೆಂದು ಮೊದಲೇ ಗೊತ್ತಿರುತ್ತದೆ. ಇಂಥದ್ದಕ್ಕೆ ನಮ್ಮ ಬಾಯಿಗೆ ಬೇರೆ ಯಾವ ಪದ ಬರಬೇಕಿತ್ತು?

ಆಗ ನಾವು ಸುರಪುರದಲ್ಲಿದ್ದೆವು. ಅಪ್ಪ ಲೈನ್‌ಮನ್. ಬಸ್ ಸ್ಟ್ಯಾಂಡಿನ ಹತ್ತಿರ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಡುವ ಅಂಗಡಿಯೊಂದಿತ್ತು. ನನ್ನ ಅಣ್ಣನ ಮೊಬೈಲಿಗೆ ಅಂಗಡಿಯವನು ಹಾಡಿನ ಜೊತೆಗೆ ಈ ಆಟವನ್ನೂ ತುಂಬಿಸಿದ. ಯಾವ ದೇಶದ ಪ್ರತಿಯೋ, ಅಕ್ಷರಗಳೆಲ್ಲ ಕೋಳಿ ಕೆದರಿದಂತೆ ಇದ್ದವು. ಇಂಗ್ಲಿಷ್ ಆಗಿದ್ದರೆ ನಮಗೆ ಅರ್ಧವಾದರೂ ತಿಳಿಯುತ್ತಿತ್ತೋ ಏನೋ. ಒಂದು ಅಕ್ಷರವೂ ಓದಲು ಬರದ ಆಟದಲ್ಲಿ ಯಾವುದು ಯಾವುದಕ್ಕೆ ಹೊಡೆಯುತ್ತದೆ ಎಂದು ತಿಳಿಯಲು ಒಂದೇ ದಾರಿ: ಹೊಡೆದು ನೋಡುವುದು, ಸೋಲುವುದು, ಬರೆದಿಡುವುದು.

ಬರೆಯುವವನು ನಾನು. ಕಾರಣ ಹುಡುಕುವವನು ಮಾನಪ್ಪ.

ಮಾನಪ್ಪ ನನ್ನ ತರಗತಿಯವನು. ಅವನ ಮನೆಯವರು ಕುರಿ ಸಾಕುವವರು. ವಾರದಲ್ಲಿ ಮೂರು ದಿನ ಶಾಲೆ, ಮೂರು ದಿನ ಗುಡ್ಡ. ನಾನು ಅಣ್ಣನ ಮೊಬೈಲ್ ಕದ್ದು ಗುಡ್ಡಕ್ಕೆ ಹೋಗುತ್ತಿದ್ದೆ. ಅಲ್ಲೊಂದು ಅಗಲವಾದ ಬಂಡೆ ಇತ್ತು. ನೆನಪು ಆ ಬಂಡೆಯ ಮೇಲೆ ಹೊಂಬಣ್ಣದ ಸಂಜೆ ಬಿಸಿಲು ಸುರಿಯಲು ನೋಡುತ್ತದೆ. ಅದನ್ನು ತೆಗೆದುಹಾಕುತ್ತೇನೆ. ನಾವು ಹೋಗುತ್ತಿದ್ದದ್ದು ಮಟಮಟ ಮಧ್ಯಾಹ್ನ, ಅಣ್ಣ ಮಲಗಿದಾಗ. ಬಂಡೆ ಕುಂಡೆ ಸುಡುತ್ತಿತ್ತು.

ಹುಲ್ಲು ನೀರನ್ನು ಹೇಗೆ ಸೋಲಿಸುತ್ತದೆಂದು ನನಗೆ ತಿಳಿಯಲಿಲ್ಲ. ಮಾನಪ್ಪ ಕೆಳಗಿನ ಕೆರೆಯ ಕಡೆ ಕೈ ತೋರಿಸಿದ. "ಜಾಲಿಗಿಡ ನೋಡಲೇ. ಕೆರಿ ನೀರೆಲ್ಲ ಯಾರು ಕುಡದಾರ ಅಂದ್ಕೊಂಡೀ? ನಮ್ಮ ಕುರಿ ಕುಡದಾವೇನು?" ಕಲ್ಲು ಹಕ್ಕಿಯನ್ನು ಹೊಡೆಯುತ್ತದೆ ಎಂದಾಗ ಅವನು ಮಾತೇ ಆಡಲಿಲ್ಲ, ಸೊಂಟದ ಕವಣೆ ಬಿಚ್ಚಿ ಬೀಸಿ ತೋರಿಸಿದ. ಮನಸ್ಸಿನ ಶಕ್ತಿಯಿಂದ ಕಾದಾಡುವ, ಎಲ್ಲರನ್ನೂ ಮಲಗಿಸುವ ಪ್ರಾಣಿಯೊಂದು ಒಂದು ಹುಳದ ಕೈಯಲ್ಲಿ ಸೋತಾಗ ನಾನು ಆಟವೇ ತಪ್ಪು ಎಂದೆ. ಮಾನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ತಲಿಯಾಗ ಹುಳ ಬಿಟ್ರ ಎಂಥಾ ಶಾಣ್ಯಾನೂ ಕೆಡ್ತಾನಲೇ! ಬರ್ಕೋ, ಬರ್ಕೋ."

ಬರೆದುಕೊಂಡೆ. ರಫ್ ನೋಟ್‌ಬುಕ್ಕಿನ ಎರಡು ಹಾಳೆ ಅಂಟಿಸಿ, ಅಡ್ಡಗೆರೆ ಉದ್ದಗೆರೆ ಎಳೆದು, ಎರಡು, ಅರ್ಧ, ಸೊನ್ನೆ. ಆಮೇಲೆ ಶಾಲೆಯವರನ್ನೆಲ್ಲ ಅದರೊಳಗೆ ಹಾಕಿದೆವು. ಗಣಿತದ ಸರ್ ವಿಷ. ಮುಖ್ಯೋಪಾಧ್ಯಾಯರು ಕಲ್ಲು, ಆದರೆ ಅವರ ಹೆಂಡತಿ ನೀರು, ಕಲ್ಲಿಗೆ ದುಪ್ಪಟ್ಟು. ನಾನು ಯಾರೂ ಕೇಳುವ ಮೊದಲೇ ನನ್ನನ್ನು ಕರೆಂಟ್ ಮಾಡಿಕೊಂಡೆ. ಲೈನ್‌ಮನ್ ಮಗ, ಇನ್ನೇನಾಗುತ್ತೇನೆ? ಮಾನಪ್ಪನನ್ನು ನೆಲ ಮಾಡಿದವನೂ ನಾನೇ. ಅವನ ಕಾಲಲ್ಲಿ ಚಪ್ಪಲಿ ಇರುತ್ತಿರಲಿಲ್ಲ. ಇದನ್ನು ತಮಾಷೆಯಾಗಿ ಮಾಡಿದೆ ಎಂದು ಬಹಳ ವರ್ಷ ನಂಬಿದ್ದೆ.

ಒಂದು ದಿನ ನಮ್ಮ ಕರೆಂಟಿನ ಪ್ರಾಣಿ, ಅದುವರೆಗೆ ಹಕ್ಕಿ ನೀರು ಎರಡನ್ನೂ ಬಡಿದುಹಾಕಿದ್ದು, ಒಂದು ಮಣ್ಣಿನ ಪ್ರಾಣಿಯ ಎದುರು ಮೂರು ಸಲ ಮಿಂಚು ಬಿಟ್ಟಿತು. ಮೂರು ಸಲವೂ ಏನೂ ಆಗಲಿಲ್ಲ. ತೆರೆಯ ಮೇಲೆ ಅದೇ ಕೋಳಿ ಕೆದರಿದ ಸಾಲು ಬಂತು. ಮಣ್ಣು ಒಂದೇ ಏಟು ಹಾಕಿತು, ನಮ್ಮದು ಬಿತ್ತು. ನಾನು ಸೊನ್ನೆ ಬರೆದು, ಪಕ್ಕದಲ್ಲಿ ಆ ಸಾಲು ಬರೆದೆ. ಅಥವಾ, ಮೊದಲೇ ಹೇಳಿದಂತೆ, ಬರೆದೆ ಎಂದು ಅಂದುಕೊಂಡಿದ್ದೇನೆ.

ಇನ್ನು ಮುಂದಿನ ಭಾಗ. ಇದು ನಡೆಯಿತೇ ಎಂಬುದೇ ನನ್ನ ತಕರಾರು.

ಮಾನಪ್ಪ ಅಂದ: "ಅದೆಂಗಲೇ? ಹೋದ ಮಳಿಗಾಲದಾಗ ತಂತಿ ಹರದು ಬಿದ್ದು ಹಸಿ ನೆಲದಾಗ ನಿಂತಿದ್ದ ಎಮ್ಮಿ ಸತ್ತಿತ್ತಲ್ಲ. ತಂತಿ ಎಮ್ಮಿಗಿ ತಾಕೇ ಇದ್ದಿಲ್ಲ. ನೆಲದಿಂದನ ಹೊಡದದ ಅಂದ್ರು."

ನಾನು ಅಂದೆ: "ನೀ ಕುರಿ ಕಾಯಾಂವ, ನಿನಗೇನ್ ತಿಳೀತದ? ಲೈನ್‌ಮನ್ ಮಗ ನಾನು. ಕರೆಂಟ್ ನೆಲದಾಗ ಹೋಗಿ ಸಾಯ್ತದ. ಅದಕ್ಕ ನಮ್ಮಪ್ಪ ಅರ್ಥಿಂಗ್ ಕೊಡ್ತಾನ. ನೆಲದ ಮ್ಯಾಲ ಗಟ್ಟಿ ನಿಂತ್ರ ಏನೂ ಆಗಂಗಿಲ್ಲ."

ಅವನು ಸುಮ್ಮನಾದ.

ಈ ಸಂಭಾಷಣೆ ನನ್ನ ಬಳಿ ಇಷ್ಟು ಸ್ಪಷ್ಟವಾಗಿರುವುದೇ ಅನುಮಾನಕ್ಕೆ ಕಾರಣ. ಆ ಮಧ್ಯಾಹ್ನ ಏನು ತಿಂದೆವು, ಯಾವ ತಿಂಗಳು, ಒಂದೂ ನೆನಪಿಲ್ಲ. ಎಮ್ಮೆ ಮಾತ್ರ ಇದೆ, ನನ್ನ ಧ್ವನಿ ಇದೆ, ಅವನ ಮೌನ ಇದೆ. ಆಮೇಲೆ ಆದದ್ದನ್ನು ನೋಡಿ ನಾನೇ ಇದನ್ನು ಹೊಲಿದುಕೊಂಡೆನೇ? ಹೊಲಿದದ್ದಾದರೆ ಯಾಕೆ? ನನ್ನನ್ನು ಬೈದುಕೊಳ್ಳಲೋ, ಬಿಡಿಸಿಕೊಳ್ಳಲೋ? ಎಮ್ಮೆಯ ಮಾತು ಅವನು ನಿಜವಾಗಿ ಆಡಿದ್ದರೆ ಅವನಿಗೆ ಸತ್ಯ ಗೊತ್ತಿತ್ತು, ನನ್ನ ಮಾತನ್ನು ಅವನು ನಂಬಿರಲಾರ. ಆದರೆ ಗೊತ್ತಿದ್ದವನ ಬಾಯಿಯನ್ನು ನಾನು ಮುಚ್ಚಿಸಿದ್ದರೆ? ಒಂದೇ ಎಮ್ಮೆ ಎರಡೂ ಕಡೆ ಸಾಕ್ಷಿ ಹೇಳುತ್ತದೆ.

ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಮಾತ್ರ ಆಗುವುದಿಲ್ಲ. ನಮ್ಮ ಮನೆಯಲ್ಲಿ ಬರಿಗಾಲಲ್ಲಿ ಸ್ವಿಚ್ ಮುಟ್ಟಿದರೆ ಅಪ್ಪ ಬೆನ್ನಿಗೆ ಬಾರಿಸುತ್ತಿದ್ದ. ಯಾವ ತಂತಿಯನ್ನಾದರೂ ಅವನು ಮೊದಲು ಮುಟ್ಟುತ್ತಿದ್ದದ್ದು ಕೈಯ ಹಿಂಭಾಗದಿಂದ. "ಅಂಗೈಲಿಂದ ಮುಟ್ಟಿದ್ರ ಕೈ ತಾನಾ ಹಿಡ್ಕೊಂಡ್ ಬಿಡ್ತದ, ಬಿಡಿಸ್ಕೊಳ್ಳಾಕ ಬರಂಗಿಲ್ಲ" ಎನ್ನುತ್ತಿದ್ದ. ಬಾಗಿಲ ಹಿಂದೆ ಅವನ ರಬ್ಬರ್ ಬೂಟು ನಿಂತಿರುತ್ತಿತ್ತು, ದಿನಾ ಅದನ್ನು ದಾಟಿಕೊಂಡೇ ನಾನು ಗುಡ್ಡಕ್ಕೆ ಹೋಗುತ್ತಿದ್ದೆ. ಬೂಟು ಒಂದು ಕಡೆ, ಹಾಳೆ ಇನ್ನೊಂದು ಕಡೆ. ಎರಡನ್ನೂ ಸೇರಿಸಿ ಯೋಚಿಸುವ ಗರಜು ನನಗಿರಲಿಲ್ಲ. ನನಗೆ ಬೇಕಾದದ್ದು ವಾದ ಗೆಲ್ಲುವುದು, ಗೆದ್ದೆ.

ಹತ್ತನೆಯದಾದ ಮೇಲೆ ನಾನು ಕಾಲೇಜು, ನಂತರ ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ಮಾನಪ್ಪ ಸುರಪುರದಿಂದ ಕಾಲುವೆ ಹಿಡಿದು ಎರಡು ಊರು ದಾಟಿದರೆ ಸಿಗುವ ತನ್ನ ಹೊಲದಲ್ಲಿ ನಿಂತ. ಕುರಿಯೂ ಇತ್ತು, ಹಳ್ಳಕ್ಕೆ ಇಳಿಸಿದ ಒಂದು ಮೋಟಾರೂ ಇತ್ತು. ಸುತ್ತಲಿನ ಹಳ್ಳಿಗಳಲ್ಲಿ ಕುರಿಯ ಉಣ್ಣೆ ಕತ್ತರಿಸಲು ಅವನನ್ನೇ ಕರೆಯುತ್ತಿದ್ದರು. ಚರ್ಮಕ್ಕೆ ಒಂದು ಗೀರೂ ಬೀಳದಂತೆ ಅವನ ಕತ್ತರಿ ಓಡುತ್ತದೆಂದು ಹೆಸರಿತ್ತು. ನಾವು ವರ್ಷಕ್ಕೊಮ್ಮೆ ಎಲ್ಲೋ ಸಿಕ್ಕು, ಚಹಾ ಕುಡಿದು, ಬರೋಬ್ಬರಿ ಐದು ನಿಮಿಷಕ್ಕೆ ಮಾತು ಮುಗಿಸಿ ಹೋಗುವ ದೋಸ್ತರಾಗಿದ್ದೆವು.

ಕೆಲವು ವರ್ಷದ ಹಿಂದೆ ಅಪ್ಪ ಫೋನ್ ಮಾಡಿದ. ಅವನು ಆಗಲೇ ನಿವೃತ್ತ, ಸುರಪುರದಲ್ಲೇ ಇದ್ದ. "ನಿನ್ನ ದೋಸ್ತ ಮಾನಪ್ಪಗ ಮೋಟಾರಿನ ಸ್ಟಾರ್ಟರ್ ಹೊಡದದ. ಡಬ್ಬಿಗೇ ಕರೆಂಟ್ ಬಂದಿತ್ತಂತ. ಶಹಾಪುರ ದವಾಖಾನ್ಯಾಗ ಹಾಕ್ಯಾರ. ಜೀವ ಉಳದದ, ಕೈ ಹೇಳಾಕ ಬರಂಗಿಲ್ಲ." ಹಳೆಯ ಲೈನ್‌ಮನ್‌ನ ಸಿಟ್ಟಿನಲ್ಲಿ ಅಂದ: "ಹಸಿ ನೆಲದಾಗ ಬರಿಗಾಲಲೆ ನಿಂತಿದ್ನಂತ. ಯಾವ ಶಾಣ್ಯಾ ಕಲಿಸಿದ್ನೋ ಏನೋ."

ನಾನು ಹೂಂ ಎಂದು ಫೋನ್ ಇಟ್ಟೆ.

ಯಾದಗಿರಿಯಿಂದ ಸುರಪುರಕ್ಕೆ ಹೋಗುವ ಬಸ್ಸು ಶಹಾಪುರದಲ್ಲಿ ನಿಲ್ಲುತ್ತದೆ. ಮಾನಪ್ಪ ಆಸ್ಪತ್ರೆಯಲ್ಲಿದ್ದಷ್ಟು ದಿನದಲ್ಲಿ ನಾನು ಆ ಬಸ್ಸಿನಲ್ಲಿ ಎರಡು ಸಲ ಹೋದೆ. ಎರಡು ಸಲವೂ ಕಿಟಕಿಯ ಪಕ್ಕ ಕೂತಿದ್ದೆ. ಶಹಾಪುರದಲ್ಲಿ ಜನ ಇಳಿದರು, ಹತ್ತಿದರು, ಸೌತೆಕಾಯಿ ಮಾರುವವಳು ಬಂದಳು. ಸೌತೆಕಾಯಿ ಕೊಂಡು, ಉಪ್ಪು ಖಾರ ಹಚ್ಚಿಸಿಕೊಂಡು ತಿಂದೆ. ಬೇರೆ ಏನು ಮರೆತರೂ ಆ ರುಚಿ ಮರೆತಿಲ್ಲ. ಈ ನೆನಪಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಇದು ಸುಳ್ಳಾಗಿದ್ದರೆ ಚೆನ್ನಾಗಿತ್ತು.

ಅವನ ಮನೆಗೆ ಹೋದದ್ದು ವರ್ಷ ಕಳೆದ ಮೇಲೆ. ಅಂಗಳದಲ್ಲಿ ಅವನ ಹೆಂಡತಿ ಭೀಮಬಾಯಿ ಕುರಿಯೊಂದರ ಕಾಲು ಕಟ್ಟಿ ಮಲಗಿಸಿ ಉಣ್ಣೆ ಕತ್ತರಿಸುತ್ತಿದ್ದಳು. ಮಾನಪ್ಪ ಮೊಣಕಾಲಿನಿಂದ ಕುರಿಯ ಕುತ್ತಿಗೆ ಒತ್ತಿ ಹಿಡಿದಿದ್ದ. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಇದ್ದವು. ಉಳಿದ ಕಡೆ ಚರ್ಮ ಹೊಳೆಯುತ್ತಿತ್ತು.

"ಕತ್ತರಿ ಮಲಗಿಸಿ ಹಿಡಿ. ಹಂಗ ಅಲ್ಲ, ಮಲಗಿಸಿ."

"ಬಾಯಿಲೆ ನೂರು ಕುರಿ ಕತ್ತರಿಸ್ತೀರಿ ನೀವು. ಸುಮ್ಮ ಹಿಡ್ಕೊಂಡು ಕುಂದರ್ರಿ" ಎಂದು ಅವಳು ತಲೆ ಎತ್ತಿ, ನನ್ನನ್ನು ನೋಡಿ, "ಬರ್ರಿ ಅಣ್ಣಾರ" ಎಂದಳು.

"ಬಂದ್ನಪ್ಪ ಲೈನ್‌ಮನ್" ಎಂದ ಮಾನಪ್ಪ. "ಏನ್ ಜಲ್ದಿ ಬಂದಿ! ಗಾಯ ಇನ್ನಾ ಹಸಿ ಅದ ನೋಡು."

ನಾನು ನಗಲು ನೋಡಿದೆ. ಅವನು ನಗಲಿಲ್ಲ. ಕುರಿ ಬಿಟ್ಟು ಎದ್ದ. ಭೀಮಬಾಯಿ ಅಂದು ಅವನನ್ನು ಹೇಗೆ ಬಿಡಿಸಿದಳೆಂದು ಅವನೇ ಹೇಳಿದ. ಬುತ್ತಿ ತಂದವಳು, ಅವನ ಕೈ ಡಬ್ಬಿಗೆ ಅಂಟಿದ್ದನ್ನು ಕಂಡು, ಕುರಿಹಟ್ಟಿಯ ಒಣ ಗೂಟ ಕಿತ್ತು ಮೊಣಕೈಗೆ ಬಾರಿಸಿದಳಂತೆ. "ಮದಿವ್ಯಾಗಿ ಇಷ್ಟು ವರ್ಷದಾಗ ಒಂದ ಸಲ ಹೊಡದಾಳ, ಬರೋಬ್ಬರಿ ಹೊಡದಾಳ."

"ಇನ್ನೊಂದು ಬೇಕೇನು?" ಎಂದು ಅವಳು ಕುರಿಯ ಕಾಲು ಬಿಚ್ಚಿದಳು.

ನನಗೆ ಕೇಳಬೇಕಾದದ್ದು ಒಂದೇ ಇತ್ತು: ಅಂದು ಬರಿಗಾಲಲ್ಲಿ ಯಾಕೆ ನಿಂತಿದ್ದೆ? ಅದನ್ನು ಕೇಳದೆ, ಮೋಟಾರು ಎಲ್ಲಿದೆ ಎಂದು ಕೇಳಿದೆ. ಅವನು ಕರೆದುಕೊಂಡು ಹೋದ. ತಗಡಿನ ಸಣ್ಣ ಗೂಡು. ಒಳಗೆ ಗೋಡೆಗೆ ಹೊಸ ಸ್ಟಾರ್ಟರ್ ಡಬ್ಬಿ. ಡಬ್ಬಿಯ ಹಣೆಗೆ ವಿಭೂತಿ, ಕುಂಕುಮ, ಮೇಲೆ ಒಣಗಿದ ಚೆಂಡುಹೂವಿನ ಸರ, ಕೆಳಗೆ ಊದುಬತ್ತಿಯ ಬೂದಿ. ನಮ್ಮ ಕಡೆ ನೀರು ಕೊಡುವ ಯಾವುದನ್ನೂ ಹಾಗೇ ಬಿಡುವುದಿಲ್ಲ, ಪೂಜೆ ಮಾಡುತ್ತಾರೆ. ಆ ಗೂಡಿನ ಬಾಗಿಲಲ್ಲಿ ಮಾನಪ್ಪ ನಿಂತು, ಚಪ್ಪಲಿ ಬಿಟ್ಟ.

"ಲೇ, ಚಪ್ಪಲಿ ಹಾಕ್ಕೊಳ್ಳೋ!" ನನ್ನ ಧ್ವನಿ ಚೀರಿದಂತೆ ಬಂತು.

"ದೇವ್ರ ಮುಂದ ಚಪ್ಪಲಿ ಹಾಕ್ಕೊಂಡು ನಿಲ್ತಾರೇನಲೇ?" ಮೂಲೆಯಿಂದ ಒಂದು ಒಣ ಬಡಿಗೆ ತೆಗೆದುಕೊಂಡು, ಅದರ ತುದಿಯಿಂದ ಹಸಿರು ಗುಂಡಿ ಒತ್ತಿದ. ಹಳ್ಳದ ಕಡೆ ಮೋಟಾರು ಗುಂಯ್ ಎಂದಿತು. "ದೇವ್ರಿಗಿ ಬರಿಗಾಲು, ಕರೆಂಟಿಗಿ ಬಡಿಗಿ. ಇಬ್ಬರಿಗೂ ಮರ್ಯಾದಿ. ನೀನೂ ಬಿಡು, ಒಳಗ ಬಾ."

ನಾನು ಬಿಡಲಿಲ್ಲ. ಹೊರಗೇ ನಿಂತೆ. ಅವನು ನನ್ನ ಕಾಲು ನೋಡಿದ, ಮುಖ ನೋಡಿದ. "ಹೌದಪ್ಪ, ನೀ ಲೈನ್‌ಮನ್ ಮಗ" ಎಂದ. ಆಗ ಮಾತ್ರ ನಕ್ಕ.

ಹೇಳಬೇಕೆಂದರೆ ನನಗೆ ಹಗುರಾಯಿತು. ಗೂಡಿನ ಸುತ್ತಲಿನ ಹೊಲದವರೆಲ್ಲ ಹೀಗೇ ಮಾಡುತ್ತಾರೆ ಎಂದು ಅವನೇ ಹೇಳಿದ. ಚಪ್ಪಲಿ ಬಿಡುವುದು ಇಡೀ ಊರಿನ ರೂಢಿ. ದೇವರೆಂದು ಬಿಟ್ಟ, ಅಥವಾ ಹಳ್ಳದ ಜಿಗಿಮಣ್ಣು ಚಪ್ಪಲಿ ಎಳೆದುಕೊಳ್ಳುತ್ತದೆಂದು ಬಿಟ್ಟ. ಎರಡು ಹಾಳೆ ಅಂಟಿಸಿದ ಯಾವುದೋ ಆಟದ ಪಟ್ಟಿ, ಯಾವುದೋ ಮಧ್ಯಾಹ್ನದ ಹುಡುಗರ ಜಗಳ, ಇವಕ್ಕೆ ಅಷ್ಟು ಆಯುಷ್ಯ ಎಲ್ಲಿರುತ್ತದೆ? ದೋಸ್ತನ ಸುಟ್ಟ ಕೈಯನ್ನು ನೋಡುತ್ತ ಹೀಗೆ ನನ್ನ ಬಿಡುಗಡೆಯ ಕಾರಣಗಳನ್ನು ಹುಡುಕುತ್ತಿದ್ದೆ. ಇಂಥದ್ದನ್ನು ಹುಡುಕುವ ಮನುಷ್ಯನನ್ನು ಯಾವ ಜಾತಿಗೆ ಹಾಕಬೇಕೆಂದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ.

ತಿರುಗಿ ಬಂದಾಗ ಭೀಮಬಾಯಿ ಚಹಾಕ್ಕೆ ಇಟ್ಟಿದ್ದಳು. ಧೈರ್ಯ ಬಂದಿತ್ತಲ್ಲ, ನಾನು ಆಡಬಾರದ ಮಾತು ಆಡಿದೆ.

"ಏನ ಅನ್ನು ತಂಗೆವ್ವ, ದೇವ್ರು ಅಂತ ಚಪ್ಪಲಿ ಬಿಡಾದು ಖರೆ, ಆದ್ರ ಹಸಿ ನೆಲದಾಗ ಧೋಕಾ ನೋಡು."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ದೇವ್ರಿಗಿ ಬಿಡಾದು ಈಗೀಗ್ರಿ ಅಣ್ಣಾರ, ಕೈ ಹೋದ ಮ್ಯಾಲ. ಮೊದ್ಲ ಇವ್ರು ದೇವ್ರು ಗೀವ್ರು ಅನ್ನವ್ರೇ ಅಲ್ಲ. ಚಪ್ಪಲಿ ಹಾಕ್ಕೊಂಡು ಮುಟ್ರಿ ಅಂತ ನಾ ಎಷ್ಟು ಬಡ್ಕೊಂಡೀನಿ. ಕೇಳಿದ್ರ ತಾನೆ? ಏನೂ ಆಗಂಗಿಲ್ಲ ಬಿಡು, ನನಗ ಸಣ್ಣಾಂವ ಇದ್ದಾಗನ ಒಬ್ಬ—"

"ಹಾಲು ಉಕ್ಕಾಕತ್ತದ ನೋಡು" ಎಂದ ಮಾನಪ್ಪ.

ಅವಳು ಒಳಗೆ ಹೋದಳು. ನಾನು ಬಾಗಿಲ ಕಡೆ ನೋಡುತ್ತ ಕೂತೆ. ಅಲ್ಲಿಂದ ಒಲೆ ಕಾಣುತ್ತಿತ್ತು. ಹಾಲು ಉಕ್ಕಿರಲಿಲ್ಲ. ಮಾನಪ್ಪ ತನ್ನ ಎರಡು ಬೆರಳಿನಿಂದ ಬೀಡಿ ಹಚ್ಚಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. ನಾನು ಕಡ್ಡಿ ಗೀರಿ ಕೊಡಲು ಕೈ ಚಾಚಿದೆ. ಬೇಡ ಎಂಬಂತೆ ಮೊಣಕೈಯಿಂದ ಸರಿಸಿದ. ಚಹಾ ಬಂತು. ಮೂವರೂ ಮಳೆಯ ಬಗ್ಗೆ, ಕುರಿಯ ಕಾಲುಬೇನೆಯ ಬಗ್ಗೆ ಮಾತಾಡಿದೆವು.

ಅವನು ನನ್ನ ಮರ್ಯಾದೆ ಉಳಿಸಲು ತಡೆದನೋ, ಆ ಹೆಸರನ್ನು ತನ್ನ ಅಂಗಳದಲ್ಲಿ ಕೇಳುವುದೂ ಬೇಡವೆಂದು ತಡೆದನೋ, ಅಥವಾ ಅವಳು ಹೇಳಲು ಹೊರಟ ಆ ‘ಒಬ್ಬ’ ಬೇರೆ ಯಾರೋ ಆಗಿದ್ದನೋ. ಆಮೇಲೆ ಮೂರು ಸಲ ಅವರ ಮನೆಗೆ ಹೋಗಿದ್ದೇನೆ. ಒಮ್ಮೆ ಮಾನಪ್ಪ ಮನೆಯಲ್ಲಿರಲಿಲ್ಲ, ಭೀಮಬಾಯಿ ಒಬ್ಬಳೇ ಇದ್ದಳು, ಕೂಡಿಸಿ ರೊಟ್ಟಿ ಕೊಟ್ಟಳು. ಕೇಳಬಹುದಿತ್ತು. ಕೇಳಲಿಲ್ಲ. ಅದಕ್ಕೇ ನನಗೆ ಗೊತ್ತಿಲ್ಲ.